ಚೀಟಿ ಇದ್ದ ಕಡಲ್ಗಳ್ಳರು

ತೊಂಬತ್ತರ ದಶಕದಲ್ಲಿ ಕೇಬಲ್ ಟಿ.ವಿ. ನೋಡಿ ಬೆಳೆದವರಿಗೆ ಇದು ನೆನಪಿರಬೇಕು. ಹಗಲೆಲ್ಲ ಬೆಕ್ಕು ಇಲಿಯನ್ನು ಅಟ್ಟಾಡಿಸುತ್ತಿದ್ದ ಚಾನೆಲ್ಲು ರಾತ್ರಿ ಒಂದು ಹೊತ್ತಿಗೆ ಥಟ್ಟನೆ ವೇಷ ಕಳಚುತ್ತಿತ್ತು. ಟಿಎನ್‌ಟಿ ಎಂಬ ಮೂರಕ್ಷರ ಬರುವುದು, ಹಿಂದೆಯೇ ಯಾವುದೋ ಹಳೇ ಹಾಲಿವುಡ್ ಸಿನಿಮಾ ಶುರುವಾಗುವುದು. ಮಕ್ಕಳೆಲ್ಲ ಮುಖ ಸಪ್ಪೆ ಮಾಡಿಕೊಂಡು ಊಟಕ್ಕೆ ಏಳುವ ಹೊತ್ತು ಅದು. ಹೊನ್ನಾವರದ ನಮ್ಮ ಮನೆಯಲ್ಲಿ ನಾನೂ ಹಾಗೇ ಏಳುತ್ತಿದ್ದೆ. ಒಂದು ರಾತ್ರಿ ಮಾತ್ರ ಏಳಲಿಲ್ಲ. ಎದ್ದರೆ ರಿಮೋಟು ಇರುವ ದೊಡ್ಡಪ್ಪನ ಕಾಲು ದಾಟಬೇಕಿತ್ತು, ಮತ್ತು ದೊಡ್ಡಪ್ಪ ಅಲುಗಾಡುವ ಲಕ್ಷಣ ಕಾಣಲಿಲ್ಲ.

ಪರದೆಯ ಮೇಲೆ ಹಾಯಿ ಕಂಡಿತ್ತು, ಅಷ್ಟೇ. ದೊಡ್ಡಪ್ಪ ಹರೆಯದಲ್ಲಿ ಮಂಗಳೂರು ಹೆಂಚು ಹೇರಿಕೊಂಡು ಬೊಂಬಾಯಿಗೆ ಹೋಗುವ ಮಂಜಿ ಎಂಬ ಹಾಯಿಹಡಗುಗಳಲ್ಲಿ ಖಲಾಸಿಯಾಗಿದ್ದವರು. ಹಾಯಿಯ ಕಾಲ ಮುಗಿದ ಮೇಲೆ ಊರಲ್ಲೇ ಮೀನಿನ ಬೋಟಿಗೆ ತಂಡೇಲರಾದರು, ಅಂದರೆ ಬೋಟು ನಡೆಸುವವರು. ಇಂಗ್ಲಿಷ್ ಒಂದಕ್ಷರ ಬಾರದು. ನನಗೂ ಆಗ ಬರುತ್ತಿದ್ದದ್ದು ಶಾಲೆಯ ಪದ್ಯ ಒಪ್ಪಿಸುವಷ್ಟು. ಹಾಗಾಗಿ ನಾವಿಬ್ಬರೂ ಆ ಸಿನಿಮಾವನ್ನು ಮಾತಿಲ್ಲದ ಯಕ್ಷಗಾನದಂತೆ ನೋಡಿದೆವು. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದು ಗಡ್ಡದ ಮೇಲೆಯೇ ತಿಳಿಯುತ್ತಿತ್ತು. ಉಳಿದದ್ದಕ್ಕೆ ದೊಡ್ಡಪ್ಪನ ಟಿಪ್ಪಣಿ ಇತ್ತು.

"ಅದು ಸಮುದ್ರ ಅಲ್ಲ ತಮಾ, ಕೆರೆ," ಎಂದರು ಮೊದಲ ಹತ್ತು ನಿಮಿಷದಲ್ಲೇ. "ಹಡಗು ಅಲುಗಾಡ್ತದೆ, ಆದ್ರೆ ಮೇಲೆ ನಿಂತವ್ರು ಕಾಲು ಅಗಲ ಮಾಡಿ ನಿಂತದ್ದಿಲ್ಲ ನೋಡು."

ಆ ಸಿನಿಮಾದ ಹೆಸರು 'ದಿ ಸೀ ಹಾಕ್' ಎಂದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು. ದೊಡ್ಡಪ್ಪನ ಮಾತು ಸರಿ ಎಂದು ಗೊತ್ತಾಗಲು ಇನ್ನೂ ಕೆಲವು ವರ್ಷ. ವಾರ್ನರ್ ಬ್ರದರ್ಸ್ 1940ರಲ್ಲಿ ತೆಗೆದ ಈ ಚಿತ್ರಕ್ಕೆ ಸ್ಟುಡಿಯೋದ ಒಳಗೆ ನೀರು ತುಂಬಿಸಬಹುದಾದ ಒಂದು ದೊಡ್ಡ ಶೆಡ್ಡನ್ನೇ ಕಟ್ಟಿದ್ದರು. ಅದರಲ್ಲಿ ನಿಜವಾದ ಅಳತೆಯ ಎರಡು ಹಡಗು, ಒಂದು ಇಂಗ್ಲಿಷರದು, ಒಂದು ಸ್ಪೇನಿನದು. ಅವನ್ನು ಕೆಳಗಿನಿಂದ ಯಂತ್ರ ಹಾಕಿ ತೂಗಿಸುತ್ತಿದ್ದರು. ಕೆಲವು ತುಣುಕುಗಳನ್ನು ಹಳೇ ಕಡಲ ಸಿನಿಮಾಗಳಿಂದ ಎತ್ತಿ ಅಂಟಿಸಿದ್ದೂ ಉಂಟು. ನಿರ್ದೇಶಕ ಮೈಕಲ್ ಕರ್ಟಿಜ್, ನಾಯಕ ಎರಲ್ ಫ್ಲಿನ್. ಐದು ವರ್ಷ ಮೊದಲು ಇದೇ ಜೋಡಿ 'ಕ್ಯಾಪ್ಟನ್ ಬ್ಲಡ್' ಮಾಡಿ ಫ್ಲಿನ್‌ನನ್ನು ರಾತ್ರೋರಾತ್ರಿ ತಾರೆಯಾಗಿಸಿತ್ತು. ಕತ್ತಿ ಹಿಡಿದು ಹಗ್ಗಕ್ಕೆ ಜೋತು ಒಂದು ಹಡಗಿನಿಂದ ಇನ್ನೊಂದಕ್ಕೆ ಹಾರುವುದನ್ನು ಫ್ಲಿನ್‌ನಷ್ಟು ಸಲೀಸಾಗಿ, ಕೂದಲು ಕೆದರದೆ ಮಾಡಿದವರು ಕಡಿಮೆ. ಆದರೆ ಇಷ್ಟು ವರ್ಷಗಳಲ್ಲಿ ನನ್ನನ್ನು ಈ ಚಿತ್ರಕ್ಕೆ ಮತ್ತೆ ಮತ್ತೆ ಎಳೆದದ್ದು ಆ ಹಾರಾಟವಲ್ಲ. ಅದರ ಮೊದಲ ದೃಶ್ಯ.

ವರ್ಷ 1585. ಸ್ಪೇನಿನ ದೊರೆ ಎರಡನೇ ಫಿಲಿಪ್ ತನ್ನ ಅರಮನೆಯಲ್ಲಿ ಗೋಡೆ ತುಂಬ ಹರಡಿದ ಪ್ರಪಂಚದ ನಕ್ಷೆಯ ಮುಂದೆ ನಿಂತಿದ್ದಾನೆ. ಇಂಗ್ಲೆಂಡ್ ಎಂಬ ಒಂದು ಕಲ್ಲು ದಾರಿಗಡ್ಡ ಬಿದ್ದಿದೆ, ಅದೊಂದು ಸರಿದರೆ ನಾನು ಸಾಯುವುದರೊಳಗೆ ಇದು ಪ್ರಪಂಚದ ನಕ್ಷೆಯಾಗಿ ಉಳಿಯುವುದಿಲ್ಲ, ಸ್ಪೇನ್ ಒಂದೇ ಆಗುತ್ತದೆ ಎಂಬ ಅರ್ಥದ ಮಾತು ಹೇಳುತ್ತಾನೆ. ಅವನ ಕರಿನೆರಳು ಹೋಗಿ ನಕ್ಷೆಯ ಮೇಲೆ ಬೀಳುತ್ತದೆ. ಇಷ್ಟೇ ದೃಶ್ಯ. 1940ರ ಬೇಸಿಗೆಯಲ್ಲಿ ಇದನ್ನು ಕಂಡವರಿಗೆ ಆ ನೆರಳಿಗೆ ಸಣ್ಣ ಮೀಸೆಯೊಂದು ಇದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಜೂನ್‌ನಲ್ಲಿ ಪ್ಯಾರಿಸ್ ಹಿಟ್ಲರ್‌ನ ಕೈಗೆ ಬಿದ್ದಿತ್ತು. ಜುಲೈಯಲ್ಲಿ ಚಿತ್ರ ಪರದೆಗೆ ಬರುವ ಹೊತ್ತಿಗೆ ಬ್ರಿಟನ್ ಒಂಟಿಯಾಗಿತ್ತು.

ನನಗೆ ಆ ನಕ್ಷೆ ಬೇರೆ ಕಾರಣಕ್ಕೆ ತಲೆಯಲ್ಲಿ ಕೂತಿತು. 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನ ಖಾಲಿಯಾದಾಗ ಅದನ್ನೂ ತೆಗೆದುಕೊಂಡವನು ಇದೇ ಫಿಲಿಪ್. ಪೋರ್ಚುಗಲ್ ಸಿಕ್ಕಿದರೆ ಗೋವೆ ಸಿಕ್ಕಿದ ಹಾಗೆ. ಗೋವೆಯ ಜೊತೆಗೆ 1560ರ ದಶಕದ ಕೊನೆಯಲ್ಲಿ ಪೋರ್ಚುಗೀಸರು ಹಿಡಿದಿದ್ದ ಮಂಗಳೂರು, ಬಸರೂರು, ಹೊನ್ನಾವರದ ಕೋಟೆಗಳೂ. ಅಂದರೆ ಸಿನಿಮಾ ನಡೆಯುವ 1585ರಲ್ಲಿ, ಶರಾವತಿ ಸಮುದ್ರ ಸೇರುವಲ್ಲಿ, ನಾವು ಎಲೆ ಹಾಸಿಕೊಂಡು ಉಂಡ ಮನೆಯಿಂದ ಹೆಚ್ಚು ದೂರವಲ್ಲದ ಜಾಗದಲ್ಲಿ ಆ ನೆರಳು ಆಗಲೇ ಬಿದ್ದಾಗಿತ್ತು. ಇಂಗ್ಲೆಂಡಿನಲ್ಲಿ ಎಲಿಜಬೆತ್ ಆಳುತ್ತಿದ್ದ ಕಾಲಕ್ಕೆ ನಮ್ಮ ಕಡೆ ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಹೆಸರಿನಲ್ಲಿ ಮರ್ಯಾದೆಯೂ ಇತ್ತು, ಜೊಲ್ಲೂ ಇತ್ತು. ಆ ಇಬ್ಬರು ಹೆಂಗಸರೂ ಒಬ್ಬರ ಹೆಸರು ಒಬ್ಬರು ಕೇಳದೆ ಒಬ್ಬನೇ ದೊರೆಗೆ ತಲೆನೋವಾಗಿದ್ದರು. ಶಾಲೆಯಲ್ಲಿ ನಮಗೆ ಇವೆರಡನ್ನೂ ಕಲಿಸಿದರು, ಬೇರೆ ಬೇರೆ ಪುಸ್ತಕದಲ್ಲಿ.

ಸರಿ, ಕತೆಗೆ ಬರೋಣ. ಫ್ಲಿನ್‌ನ ಪಾತ್ರ ಜಾಫ್ರಿ ಥಾರ್ಪ್, 'ಆಲ್ಬಟ್ರಾಸ್' ಹಡಗಿನ ಕಪ್ತಾನ. ಸ್ಪೇನಿನ ರಾಯಭಾರಿ ತನ್ನ ಸೋದರ ಸೊಸೆಯೊಂದಿಗೆ ಲಂಡನ್ನಿಗೆ ಬರುತ್ತಿರುವ ಹಡಗನ್ನೇ ಇವನು ನಡುಸಮುದ್ರದಲ್ಲಿ ಹಿಡಿದು ಸುಲಿಯುತ್ತಾನೆ. ಕೆಳಗೆ ಹುಟ್ಟು ಹಾಕಲು ಸರಪಳಿ ಬಿಗಿದಿದ್ದ ಇಂಗ್ಲಿಷ್ ಕೈದಿಗಳನ್ನು ಬಿಡಿಸುತ್ತಾನೆ. ಲಂಡನ್ನಿಗೆ ಬಂದರೆ ರಾಣಿ ದರ್ಬಾರಿನಲ್ಲಿ ಎಲ್ಲರೆದುರು ಇವನಿಗೆ ಮಂಗಳಾರತಿ ಎತ್ತುತ್ತಾಳೆ. ಒಳಕೋಣೆಗೆ ಹೋದ ಮೇಲೆ ಅದೇ ಮುಖದಲ್ಲಿ ನಗು. ಫ್ಲೋರಾ ರಾಬ್ಸನ್ ಈ ಪಾತ್ರ ಮಾಡಿದ ರೀತಿ ನೋಡಬೇಕು. ಅವರು 1937ರಲ್ಲೇ ಇನ್ನೊಂದು ಚಿತ್ರದಲ್ಲಿ ಇದೇ ರಾಣಿಯಾಗಿದ್ದರು. ಬೈಯುವಾಗ ಕಣ್ಣು ಬೇರೆಯೇ ಹೇಳುತ್ತಿರುತ್ತದೆ. ನನ್ನ ಮಟ್ಟಿಗೆ ಈ ಚಿತ್ರದ ಯಜಮಾನಿಕೆ ಆಕೆಯದು. ನಾಯಕಿ ಬ್ರೆಂಡಾ ಮಾರ್ಷಲ್ ಗುಲಾಬಿ ಕೊಯ್ಯುತ್ತಾಳೆ, ಹಾಡುತ್ತಾಳೆ, ಹಾಗೇ ಮರೆತೂ ಹೋಗುತ್ತಾಳೆ.

ಹೊರಗೆ ಬೈಗುಳ, ಒಳಗೆ ಪಾಲು. ಈ ಆಟ ಬರಹಗಾರರ ಕಲ್ಪನೆಯಲ್ಲ, ಇತಿಹಾಸದಲ್ಲಿ ಇದ್ದದ್ದೇ. ಥಾರ್ಪ್‌ನ ಮೂಲ ಎನ್ನಬಹುದಾದ ಫ್ರಾನ್ಸಿಸ್ ಡ್ರೇಕ್ 1577ರಲ್ಲಿ ಹೊರಟು, ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸ್ಪೇನಿನ ಬೆಳ್ಳಿಹಡಗುಗಳನ್ನು ಸುಲಿದು, ಭೂಮಿ ಸುತ್ತಿ 1580ರಲ್ಲಿ ಮರಳಿದ. ಬಂಡವಾಳ ಹಾಕಿದವರಿಗೆ ಒಂದು ಪೌಂಡಿಗೆ 47 ಪೌಂಡ್ ಬಂತು ಎಂದು ಲೆಕ್ಕ ಹೇಳುತ್ತಾರೆ. ರಾಣಿಯೂ ಪಾಲುದಾರಳು. ಮರುವರ್ಷ ಡೆಪ್ಟ್‌ಫರ್ಡಿನಲ್ಲಿ ಅವನ ಹಡಗಿನ ಮೇಲೆಯೇ 'ಸರ್' ಪದವಿ ಕೊಡುವಾಗ ಆಕೆ ಕತ್ತಿಯನ್ನು ತಾನು ಇಳಿಸದೆ ಪಕ್ಕದಲ್ಲಿದ್ದ ಫ್ರೆಂಚ್ ದೂತನ ಕೈಗೆ ಕೊಟ್ಟಳಂತೆ. ಸ್ಪೇನ್ ಕೇಳಿದರೆ ಅರ್ಧ ಪಾಪ ಫ್ರಾನ್ಸಿನ ತಲೆಗೆ. ನಮ್ಮೂರ ಜಮೀನು ವ್ಯಾಜ್ಯಗಳಲ್ಲಿ ಇಂಥ ಅಜ್ಜಿಯರನ್ನು ಕಂಡಿದ್ದೇನೆ.

ಚೀಟಿಯ ವ್ಯವಹಾರ ಇನ್ನೂ ಸ್ವಾರಸ್ಯದ್ದು. ಸ್ಪೇನಿನವರಿಂದ ನನ್ನ ಸರಕು ಹೋಯಿತು ಎಂದು ಒಬ್ಬ ವ್ಯಾಪಾರಿ ಇಂಗ್ಲೆಂಡಿನ ನೌಕಾ ನ್ಯಾಯಾಲಯದ ಮುಂದೆ ತೋರಿಸಿದರೆ, ಅಷ್ಟು ಮೌಲ್ಯವನ್ನು ಸ್ಪೇನಿನ ಯಾವ ಹಡಗಿನಿಂದ ಬೇಕಾದರೂ ವಸೂಲು ಮಾಡಿಕೋ ಎಂಬ ಪರವಾನಗಿ ಸಿಗುತ್ತಿತ್ತು. 1585ರಲ್ಲಿ ಫಿಲಿಪ್ ತನ್ನ ಬಂದರುಗಳಲ್ಲಿದ್ದ ಇಂಗ್ಲಿಷ್ ಹಡಗುಗಳನ್ನು ಜಪ್ತಿ ಮಾಡಿದ ಮೇಲಂತೂ ಇಂಥ ಚೀಟಿ ಧಾರಾಳವಾಯಿತು. ಹೊಡೆದು ತಂದದ್ದರಲ್ಲಿ ಹತ್ತನೇ ಒಂದು ಪಾಲು ನೌಕಾಪಡೆಯ ಮುಖ್ಯಸ್ಥನಿಗೆ, ಮೇಲೆ ಸುಂಕ. ಚೀಟಿ ಇದ್ದರೆ ದೇಶಸೇವಕ, ಇಲ್ಲದಿದ್ದರೆ ನೇಣು. ಕನ್ನಡದಲ್ಲಿ ನಮಗೆ ಒಂದೇ ಪದ, ಕಡಲ್ಗಳ್ಳ. ಕಳ್ಳ ಎಂಬುದು ಪದದ ಒಳಗೇ ಇರುವುದರಿಂದ ಈ ನಾಜೂಕು ನಮ್ಮ ನಾಲಿಗೆಗೆ ಒಗ್ಗುವುದಿಲ್ಲ.

ಚಿತ್ರದ ಹೆಸರಿನದೂ ಇಂಥದೇ ಕತೆ. 'ದಿ ಸೀ ಹಾಕ್' ಎಂಬುದು ರಫಾಯೆಲ್ ಸಬಾಟೀನಿಯ 1915ರ ಕಾದಂಬರಿಯ ಹೆಸರು. ಅದರಲ್ಲಿ ಕಾರ್ನ್‌ವಾಲಿನ ಒಬ್ಬ ಗೌರವಸ್ಥ ದ್ರೋಹಕ್ಕೆ ಸಿಕ್ಕಿ ಗುಲಾಮನಾಗಿ, ಕೊನೆಗೆ ಇಸ್ಲಾಂ ಸೇರಿ ಉತ್ತರ ಆಫ್ರಿಕದ ಕಡಲ್ಗಳ್ಳರ ನಾಯಕನಾಗುತ್ತಾನೆ. 'ಕಡಲ ಗಿಡುಗ' ಎಂಬುದು ಅಲ್ಲಿ ಅವನಿಗೆ ಬಂದ ಅರಬ್ಬಿ ಬಿರುದು. 1924ರ ಮೂಕಿ ಚಿತ್ರ ಈ ಕತೆಯನ್ನು ಉಳಿಸಿಕೊಂಡಿತ್ತು. 1940ರವರು ಹೆಸರನ್ನು ಇಟ್ಟುಕೊಂಡು ಹೊಟ್ಟೆಯೊಳಗಿನದನ್ನೆಲ್ಲ ತೆಗೆದು, ರಾಣಿಗೆ ನಿಷ್ಠನಾದ ಇಂಗ್ಲಿಷ್ ವೀರನನ್ನು ತುಂಬಿದರು. ಖಳನಾದ ದ್ರೋಹಿ ಮಂತ್ರಿಯ ಹೆಸರು ವುಲ್ಫಿಂಗ್‌ಹ್ಯಾಮ್. ಚರಿತ್ರೆಯಲ್ಲಿ ಎಲಿಜಬೆತ್‌ಳ ಬೇಹುಗಾರಿಕೆ ನಡೆಸುತ್ತಿದ್ದ, ಸ್ಪೇನಿನ ಕಡುವೈರಿಯಾದ ಮಂತ್ರಿ ವಾಲ್ಸಿಂಗ್‌ಹ್ಯಾಮ್. ಪಾಪ, ಅಷ್ಟು ನಿಷ್ಠೆಯಿಂದ ದುಡಿದವನ ಹೆಸರಿನ ಪ್ರಾಸ ಹೋಗಿ ದ್ರೋಹಿಗೆ ಅಂಟಿತು.

ಕಳ್ಳನಿಗೆ ಸರ್ಕಾರದ ಪೇಟ ಸುತ್ತುವ ವಿದ್ಯೆ ಇಂಗ್ಲೆಂಡಿನದೇ ಎಂದುಕೊಳ್ಳುವಂತಿಲ್ಲ. ಡ್ರೇಕ್ ಹುಟ್ಟುವ ಮೊದಲೇ ನಮ್ಮ ಹೊನ್ನಾವರದಲ್ಲಿ ತಿಮ್ಮಯ್ಯ ಇದ್ದ. ಪೋರ್ಚುಗೀಸರ ಬಾಯಲ್ಲಿ ತಿಮೋಜ. ಸ್ವಂತ ಹಡಗುಪಡೆ ಇಟ್ಟುಕೊಂಡು ಪಶ್ಚಿಮ ಕರಾವಳಿಯಲ್ಲಿ ಸುಲಿಗೆ ಮಾಡುತ್ತಿದ್ದ ಈತನನ್ನು ಅವರು ಮೊದಲು ಕಡಲ್ಗಳ್ಳನೆಂದೇ ಬರೆದರು. 1510ರಲ್ಲಿ ಕೆಂಪುಸಮುದ್ರದ ಕಡೆ ಹೊರಟಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ತಡೆದು, ಅಲ್ಲಿಗೇಕೆ, ಗೋವೆ ಈಗ ಸುಲಭದ ತುತ್ತು ಎಂದು ಕಿವಿಯೂದಿದವನು ಇವನೇ. ಗೋವೆ ಹಿಡಿಯುವಾಗ ಇವನ ಹಡಗುಗಳೂ ಜೊತೆಗಿದ್ದವು. ಕೂಡಲೇ ಕಡಲ್ಗಳ್ಳ ಹೋಗಿ ಮಿತ್ರನಾದ. ಅದೇ ಪೋರ್ಚುಗೀಸರು ಅರಬ್ಬಿ ಸಮುದ್ರದಲ್ಲಿ ಓಡಾಡುವ ಪ್ರತಿ ವ್ಯಾಪಾರದ ಹಡಗೂ ತಮ್ಮಿಂದ 'ಕಾರ್ತಾಜ್' ಎಂಬ ರಹದಾರಿ ಪಡೆಯಬೇಕು ಎಂದರು. ಅದಿಲ್ಲದೆ ಸಿಕ್ಕರೆ ಹಡಗೂ ಸರಕೂ ಜಪ್ತಿ. ತಲೆಮಾರುಗಳಿಂದ ಮೆಕ್ಕೆಗೆ, ಹೊರ್ಮುಜ್‌ಗೆ ಹೋಗಿ ಬರುತ್ತಿದ್ದವರು ಒಂದು ಬೆಳಿಗ್ಗೆ ಎದ್ದು ನೋಡಿದರೆ ತಾವೇ ಕಳ್ಳರು.

ಈ ಹಿನ್ನೆಲೆ ತಿಳಿದ ಮೇಲೆ ಚಿತ್ರದ ಎರಡನೆಯ ಅರ್ಧ ನನಗೆ ಮೊದಲಿನಂತೆ ಉಳಿಯಲಿಲ್ಲ. ಥಾರ್ಪ್ ಪನಾಮಾಕ್ಕೆ ಹೋಗುತ್ತಾನೆ, ಸ್ಪೇನಿನ ಚಿನ್ನ ಹೊತ್ತ ಸಾಲನ್ನು ಕಾಡಿನಲ್ಲಿ ಅಡ್ಡಗಟ್ಟಲು. ಇಲ್ಲಿ ಇಡೀ ಚಿತ್ರ ಕಂದುಬಣ್ಣಕ್ಕೆ ತಿರುಗುತ್ತದೆ, ಬೆವರು ಸೆಕೆ ಪರದೆಯಿಂದ ನಮಗೂ ತಾಗುತ್ತದೆ. ಗುಟ್ಟು ಮೊದಲೇ ರಟ್ಟಾಗಿರುವುದರಿಂದ ಅವನೇ ಬಲೆಗೆ ಬೀಳುತ್ತಾನೆ. ಡ್ರೇಕ್ 1573ರಲ್ಲಿ ನಿಜವಾಗಿಯೂ ಅಲ್ಲಿ ಹೇಸರಗತ್ತೆಗಳ ಸಾಲನ್ನು ಹಿಡಿದ. ಆದರೆ ಒಬ್ಬನೇ ಅಲ್ಲ. ದಾರಿ ತೋರಿಸಿದವರು, ಜೊತೆಗೆ ನಿಂತವರು ಸಿಮರೋನರು, ಎಂದರೆ ಸ್ಪೇನಿನವರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದ್ದ ಆಫ್ರಿಕದ ಗುಲಾಮರು. ಚಿತ್ರದ ಕಾಡಿನಲ್ಲಿ ಹಾವು, ಕೆಸರು, ಸೊಳ್ಳೆ ಎಲ್ಲ ಉಂಟು, ಅವರಿಲ್ಲ.

ಇದು ಸಣ್ಣ ಮರೆವಲ್ಲ. ಇಡೀ ಚಿತ್ರದ ನಡುಗಂಬ ಗುಲಾಮಗಿರಿ. ಸರಪಳಿ, ಚಾಟಿ, ಬೆನ್ನಮೇಲಿನ ಬಾಸುಂಡೆ, ಹುಟ್ಟಿನ ಲಯಕ್ಕೆ ಬಡಿಯುವ ಡೋಲು. ಥಾರ್ಪ್ ಸಿಕ್ಕಿಬಿದ್ದು ತಾನೂ ಅದೇ ಹಲಗೆಗೆ ಬಿಗಿಸಿಕೊಳ್ಳುತ್ತಾನೆ. ಆದರೆ ಅಲ್ಲಿ ಕೂತವರೆಲ್ಲ ಇಂಗ್ಲಿಷರು. ಆ ಕಾಲದ ಇಂಗ್ಲೆಂಡಿನ ಕಡಲವೀರರಲ್ಲಿ ಡ್ರೇಕ್‌ನ ನೆಂಟನೇ ಆದ ಜಾನ್ ಹಾಕಿನ್ಸ್ 1562ರಿಂದ ಮೂರು ಸಲ ಪಶ್ಚಿಮ ಆಫ್ರಿಕದಿಂದ ಜನರನ್ನು ಹಿಡಿದು ಕೆರಿಬಿಯನ್ನಿನಲ್ಲಿ ಮಾರಿದ. ಎರಡನೆಯ ಸಲಕ್ಕೆ ರಾಣಿ ತನ್ನದೇ ಹಡಗೊಂದನ್ನು ಕೊಟ್ಟಳು. ಅದರ ಹೆಸರಿನಲ್ಲಿ ಯೇಸು ಇದ್ದ. ಹಾಕಿನ್ಸ್‌ಗೆ ಕೊಟ್ಟ ಕುಲಲಾಂಛನದ ನೆತ್ತಿಯಲ್ಲಿ ಇದ್ದದ್ದು ಹಗ್ಗದಲ್ಲಿ ಬಿಗಿದ ಒಬ್ಬ ಕಪ್ಪು ಮನುಷ್ಯನ ಚಿತ್ರ. ಸ್ವಾತಂತ್ರ್ಯದ ಬಗ್ಗೆ ಇಷ್ಟು ಚಂದದ ಸಿನಿಮಾ ಮಾಡಿದವರು ಸರಪಳಿಯನ್ನು ಎತ್ತಿ ತಪ್ಪು ಕಾಲಿಗೆ ತೊಡಿಸಿದರು ಎಂದು ನನಗೆ ಈಗ ಅನ್ನಿಸುತ್ತದೆ. ಸ್ಪೇನಿನ ಹಡಗುಗಳಲ್ಲಿ ಇಂಗ್ಲಿಷ್ ಕೈದಿಗಳು ಹುಟ್ಟು ಹಾಕಿದ್ದು ಸುಳ್ಳಲ್ಲ. ಅದೊಂದೇ ನಿಜ ಎಂಬಂತೆ ತೋರಿಸಿದ್ದರ ಬಗ್ಗೆ ನನ್ನ ತಕರಾರು.

ಹಾಗೆಂದು ಚಿತ್ರವನ್ನು ಎತ್ತಿ ಬಿಸಾಡಲೂ ಮನಸ್ಸು ಬಾರದು. ಅದಕ್ಕೆ ಕಾರಣ ಅದನ್ನು ಮಾಡಿದವರು. ಇಂಗ್ಲೆಂಡಿನ ದೇಶಭಕ್ತಿ ಉಕ್ಕಿ ಹರಿಯುವ ಈ ಚಿತ್ರದ ನಿರ್ದೇಶಕ ಬುಡಾಪೆಸ್ಟಿನ ಯಹೂದಿ. ಅವನ ನೆಂಟರಲ್ಲಿ ಕೆಲವರು ಮುಂದೆ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ತೀರಿಕೊಂಡರು. ನಾಯಕ ಆಸ್ಟ್ರೇಲಿಯದ ಟಾಸ್ಮೇನಿಯದವನು. ಸಂಗೀತ ಎರಿಕ್ ವುಲ್ಫ್‌ಗ್ಯಾಂಗ್ ಕಾರ್ನ್‌ಗೋಲ್ಡ್, ವಿಯೆನ್ನಾದಲ್ಲಿ ಬಾಲಪ್ರತಿಭೆ ಎನಿಸಿಕೊಂಡು ಬೆಳೆದ ಯಹೂದಿ. 1938ರ ಆರಂಭದಲ್ಲಿ ರಾಬಿನ್ ಹುಡ್ ಚಿತ್ರಕ್ಕೆ ಸಂಗೀತ ಮಾಡಲು ಹಾಲಿವುಡ್ಡಿಗೆ ಬಂದಿದ್ದ. ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ. ಮನೆಗೆ ಮರಳುವ ದಾರಿ ಮುಚ್ಚಿತು. ಆ ಸಿನಿಮಾ ನನ್ನ ಜೀವ ಉಳಿಸಿತು ಎಂದು ಅವನು ಮುಂದೆ ಹೇಳುತ್ತಿದ್ದನಂತೆ. ಚಿತ್ರಕತೆಗಾರರಲ್ಲಿ ಒಬ್ಬ ಹೊವರ್ಡ್ ಕಾಚ್, ಎರಡು ವರ್ಷದ ನಂತರ ಇದೇ ಕರ್ಟಿಜ್‌ಗಾಗಿ 'ಕಾಸಾಬ್ಲಾಂಕಾ' ಬರೆದವರಲ್ಲೂ ಒಬ್ಬ. ಇಲ್ಲಿ ಸ್ಪೇನಿನ ರಾಯಭಾರಿಯಾದ ಕ್ಲಾಡ್ ರೇನ್ಸ್ ಅಲ್ಲಿ ಪೊಲೀಸ್ ಅಧಿಕಾರಿ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಇಳಿಯಬಾರದು ಎನ್ನುವವರ ದನಿ ಜೋರಾಗಿತ್ತು. ಮನೆ ಕಳೆದುಕೊಂಡವರು ಕ್ಯಾಲಿಫೋರ್ನಿಯದ ಶೆಡ್ಡಿನಲ್ಲಿ ನೀರು ತುಂಬಿ, ಮುನ್ನೂರೈವತ್ತು ವರ್ಷ ಹಳೆಯ ಅಂಗಿ ತೊಡಿಸಿ, ತಮಗೆ ಹೇಳಬೇಕಾದದ್ದನ್ನು ಒಬ್ಬ ರಾಣಿಯ ಬಾಯಲ್ಲಿ ಹೇಳಿಸಿದರು. ಕೊನೆಯ ಭಾಷಣದಲ್ಲಿ ಆಕೆ ಯಾರಿಗೂ ಬೇಡವಾದ ಯುದ್ಧಕ್ಕೆ ಸಿದ್ಧರಾಗಿ ಎನ್ನುತ್ತಾಳೆ, ಈ ಭೂಮಿ ಯಾವನೋ ಒಬ್ಬನದಲ್ಲ, ಎಲ್ಲರದು ಎನ್ನುತ್ತಾಳೆ. ನಾಟಕದ ಮಾತೇ. ಆದರೂ ಕಾರ್ನ್‌ಗೋಲ್ಡ್‌ನ ತುತ್ತೂರಿಗಳು ಹಿಂದಿನಿಂದ ಎದ್ದಾಗ ನನಗೆ ಇವತ್ತಿಗೂ ಕುತ್ತಿಗೆಯ ಕೂದಲು ನಿಲ್ಲುತ್ತದೆ. ಅದೇ ರಾಣಿ ಕಳ್ಳಮಾಲಿನಲ್ಲಿ ಪಾಲು ಎಣಿಸಿದವಳು ಎಂದು ಗೊತ್ತಿದ್ದೂ.

ಪಾಲಿನ ಮಾತು ಬಂದದ್ದಕ್ಕೆ ಇನ್ನೊಂದು. 1592ರಲ್ಲಿ ಇಂಗ್ಲಿಷರು ಅಸೋರ್ಸ್ ದ್ವೀಪಗಳ ಬಳಿ 'ಮಾದ್ರೆ ದೆ ದೇವುಸ್' ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ನಮ್ಮ ಕಡಲಿನಿಂದ ಮರಳುತ್ತಿದ್ದ ಹಡಗು. ಅದರಲ್ಲಿ ಕಾಳುಮೆಣಸೊಂದೇ 400 ಟನ್ನಿಗೂ ಮೇಲೆ ಇತ್ತು. ಡಾರ್ಟ್‌ಮತ್ ಬಂದರಿಗೆ ತಂದ ಕೂಡಲೇ ಊರಿಗೆ ಊರೇ ಬಿದ್ದು ದೋಚಿತು. ಕಳ್ಳರಿಂದ ಕದಿಯುವವರನ್ನು ತಡೆಯಲು ಸೆರೆಯಲ್ಲಿದ್ದ ರಾಣಿಯ ಆಸ್ಥಾನಿಕ ವಾಲ್ಟರ್ ರಾಲಿಯನ್ನು ಬಿಡಿಸಿ ಕಳಿಸಬೇಕಾಯಿತು. ಸಿನಿಮಾ ಮಾಡುವುದಾದರೆ ನಾನು ಇದನ್ನು ಮಾಡುತ್ತಿದ್ದೆ, ಹಾಸ್ಯಚಿತ್ರವಾಗಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ದೊಡ್ಡಪ್ಪನಿಗೆ ಇದನ್ನು ಮತ್ತೆ ತೋರಿಸಿದೆ. ಈಗ ಎಂಬತ್ತರ ಹತ್ತಿರ, ಕಣ್ಣಿನ ಪೊರೆ ತೆಗೆಸಿದ್ದಾರೆ. ಈ ಸಲ ನಾನೇ ಅರ್ಥ ಹೇಳುತ್ತ ಹೋದೆ. ಪನಾಮಾದಿಂದ ತಪ್ಪಿಸಿಕೊಂಡ ಬೆರಳೆಣಿಕೆಯ ಜನ ಸತ್ತೆವೋ ಬದುಕಿದೆವೋ ಎಂದು ಸಣ್ಣ ದೋಣಿಯಲ್ಲಿ ತಮ್ಮ ಹಡಗಿಗೆ ಬರುವ ದೃಶ್ಯ ಬಂತು. ಕೂಗುತ್ತಾರೆ, ಓಗೊಡುವವರಿಲ್ಲ. ಕಾರ್ನ್‌ಗೋಲ್ಡ್ ಕೂಡ ಬಾಯಿ ಮುಚ್ಚಿದ್ದಾನೆ. ಹಗ್ಗ ಕಿರುಗುಟ್ಟುವುದು ಮಾತ್ರ ಕೇಳುತ್ತದೆ. ಮುಂದೆ ಏನಾಗುತ್ತದೆಂದು ನಾನು ಹೇಳುವ ಮೊದಲೇ ದೊಡ್ಡಪ್ಪ, "ಹತ್ತೂಕಾಗ ಅಂತ ಹೇಳು ಅವಂಗೆ," ಎಂದರು. "ಜನ ಇದ್ದ ಹಡಗು ಯಾವತ್ತೂ ಸುಮ್ಮನೆ ಇರೂದಿಲ್ಲ. ಒಬ್ಬ ಕೆಮ್ಮಬೇಕು, ಒಬ್ಬ ಬೈಯಬೇಕು, ಪಾತ್ರೆ ಆದ್ರೂ ಬೀಳಬೇಕು."

ಚೀಟಿಯ ವಿಷಯವನ್ನೂ ಹೇಳಿದೆ. ರಾಣಿಯ ಕಾಗದ, ತಿಮ್ಮಯ್ಯ, ಕಾರ್ತಾಜ್ ಎಲ್ಲ. ಅವರು ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ಕಿನ ಒಂದು ಕಾರ್ಡು ತಂದರು. ಮುಂಬೈ ದಾಳಿ ಆದ ಮೇಲೆ ಮೀನುಗಾರರಿಗೆಲ್ಲ ಕೊಟ್ಟ ಗುರುತಿನ ಚೀಟಿ. ಫೋಟೊದಲ್ಲಿ ಅವರು ಅವರ ಹಾಗೆ ಕಾಣುವುದಿಲ್ಲ.

"ಒಂದ್ಸಲ ಇದ್ನ ಮನೇಲೆ ಬಿಟ್ಟು ಹೋಗಿದ್ದೆ. ಕೋಸ್ಟ್ ಗಾರ್ಡಿನವ್ರು ನಡುನೀರಲ್ಲಿ ಹಿಡಿದು ಒಂದು ತಾಸು ಕೂರ್ಸಿದ್ರು. ಬಂಗುಡೆ ಎಲ್ಲ ಮೆತ್ತಗಾಯ್ತು," ಎಂದರು. ಕಾರ್ಡನ್ನು ಲುಂಗಿಗೆ ಒರೆಸಿ ಮತ್ತೆ ಪರದೆಯ ಕಡೆ ತಿರುಗಿದರು. "ಅದಿರ್ಲಿ ತಮಾ, ಇವ ರಾಣಿಗೆ ಕೊಡೂಕೆ ಒಂದು ಮಂಗ ತಂದಿದ್ನಲ, ಅದು ಆಮೇಲೆ ಎಲ್ಲಿಗೆ ಹೋಯ್ತು?"